ಬಿಟ್ಟಿಯ ಮಾತು, ಬಿಟ್ಟುಹೋದವರ ಲೆಕ್ಕ

ನಮ್ಮಲ್ಲಿ ಭಾಗ್ಯಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ತಮಿಳುನಾಡಿನ ಹೆಸರು ಎತ್ತುತ್ತಾರೆ. 'ಆ ಕಡೆಯವರು ಟೀವಿ ಕೊಟ್ಟರು, ಮಿಕ್ಸಿ ಕೊಟ್ಟರು, ಲ್ಯಾಪ್‌ಟಾಪ್ ಕೊಟ್ಟರು. ಆಮೇಲೆ ಕಾಲೇಜಿಗೆ ಹೋಗೋ ಹುಡುಗರಿಗೆ ತಿಂಗಳಿಗೆ ಸಾವಿರ ರೂಪಾಯಿ ಕೈಖರ್ಚಿಗೆ ಅಂತ ಕೊಟ್ಟರು. ದುಡಿಯೋ ವಯಸ್ಸಿನವರಿಗೆ ಕೂತು ತಿನ್ನೋದು ಕಲಿಸಿಬಿಟ್ಟರು.' ಹೀಗೆ ಹೇಳುವವರು ಎಷ್ಟೋ ಸಲ ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವವರೇ ಆಗಿರುತ್ತಾರೆ. ಅದೇ ಮನೆಯ ತಾರಸಿಗೆ ಕಂಬಿ ಕಟ್ಟುತ್ತಿರುವ ಹುಡುಗನನ್ನು 'ಯಾವೂರಪ್ಪಾ' ಎಂದು ಕೇಳಿ ನೋಡಿ. ಧರ್ಮಪುರಿ ಎನ್ನುತ್ತಾನೆ. ಇನ್ನೂ ಕೆದಕಿದರೆ ಮಾರಂಡಹಳ್ಳಿ, ಪಾಲಕ್ಕೋಡು, ಪೆನ್ನಾಗರಂ. ಕೂತು ತಿನ್ನುವುದನ್ನು ಕಲಿತ ರಾಜ್ಯದ ಹುಡುಗ ಬೆಳಗ್ಗೆ ಎಂಟಕ್ಕೇ ಮೂರನೇ ಮಹಡಿಯ ಮೇಲೆ ನಿಂತಿರುತ್ತಾನೆ.

ಮೊದಲು ಆ ಸಾವಿರ ರೂಪಾಯಿಯ ತೂಕ ನೋಡೋಣ. 2022ರ ಸೆಪ್ಟೆಂಬರ್ 5ರಂದು ತಮಿಳುನಾಡು ಸರ್ಕಾರ 'ಪುದುಮೈ ಪೆಣ್' ಎಂಬ ಯೋಜನೆ ಶುರುಮಾಡಿತು. ಆರರಿಂದ ಹನ್ನೆರಡನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿ ಪದವಿಗೋ ಡಿಪ್ಲೊಮಾಗೋ ಐಟಿಐಗೋ ಸೇರಿದರೆ ಓದು ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ. 2024ರ ಆಗಸ್ಟ್ 9ರಂದು ಹುಡುಗರಿಗೆಂದು 'ತಮಿಳ್ ಪುದಲ್ವನ್' ಬಂತು, ಅದರಲ್ಲೂ ಅಷ್ಟೇ ಹಣ. 2024-25ರಲ್ಲಿ ತಮಿಳುನಾಡಿನಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 319 ರೂಪಾಯಿ, ಮರುವರ್ಷ 336. ಅಂದರೆ ತಿಂಗಳ ಸಾವಿರವೆಂದರೆ ಕೆರೆ ಹೂಳೆತ್ತುವ ಮೂರು ದಿನದ ಕೂಲಿ. ಮೂರು ದಿನದ ಕೂಲಿಗೆ ತಿಂಗಳಿಡೀ ಸೋಮಾರಿಯಾಗಿ ಬಿದ್ದಿರುವ ಕಲೆ ಯಾರಿಗಾದರೂ ಸಿದ್ಧಿಸಿದ್ದರೆ ಅವನನ್ನು ಅರ್ಥಶಾಸ್ತ್ರ ಇಲಾಖೆಗೆ ಪ್ರಾಧ್ಯಾಪಕನಾಗಿ ನೇಮಿಸಬೇಕು. ಬೇಸಾಯದ ಮನೆಯಲ್ಲಿ ಈ ಹಣ ಮಾಡುವ ಕೆಲಸ ಬೇರೆ. ಬಸ್ ಚಾರ್ಜು, ಪರೀಕ್ಷಾ ಶುಲ್ಕ, ಝೆರಾಕ್ಸು, ಮಧ್ಯಾಹ್ನದ ಊಟ. 'ಓದಿದ್ದು ಸಾಕು, ಮಿಲ್ಲಿಗೆ ಹೋಗು' ಎಂಬ ಅಪ್ಪನ ಮಾತನ್ನು ಆರು ತಿಂಗಳು ಮುಂದೂಡುವಷ್ಟು ಧೈರ್ಯ.

ಈ ಕೊಡುಗೆಗಳಿಗೆ ತಮಿಳರು ಇಟ್ಟ ಹೆಸರುಗಳಲ್ಲೇ ಒಂದು ಜಗಳವಿದೆ. ಮೊದಲು 'ಇಲವಸಂ', ಅಂದರೆ ಪುಕ್ಕಟೆ. 2011ರ ನಂತರ ಜಯಲಲಿತಾ ಸರ್ಕಾರ ಆ ಶಬ್ದವನ್ನು ಬದಿಗಿಟ್ಟು 'ವಿಲೈಯಿಲ್ಲಾ' ಎಂದಿತು. ಬೆಲೆಯಿಲ್ಲದ್ದು ಎಂದೂ ಆಗುತ್ತದೆ, ಬೆಲೆ ಕಟ್ಟಲಾಗದ್ದು ಎಂದೂ ಆಗುತ್ತದೆ. ಸ್ಟಾಲಿನ್ ಸರ್ಕಾರ ಮನೆಯೊಡತಿಗೆ ಕೊಡುವ ಸಾವಿರಕ್ಕೆ 'ಉರಿಮೈ ತೊಗೈ' ಎಂದು ಹೆಸರಿಟ್ಟಿತು, ಹಕ್ಕಿನ ಹಣ. ಅದರ ಅರ್ಜಿ ಶಿಬಿರವನ್ನು 2023ರ ಜುಲೈ 24ರಂದು ಉದ್ಘಾಟಿಸಿದ್ದು ಧರ್ಮಪುರಿ ಜಿಲ್ಲೆಯ ತೊಪ್ಪೂರಿನಲ್ಲಿ. ನಾವು ಕನ್ನಡಿಗರು ಮೊದಲು 'ಭಾಗ್ಯ' ಎಂದೆವು, ಆಮೇಲೆ 'ಗ್ಯಾರಂಟಿ' ಎಂದೆವು. ವಿರೋಧಿಸುವವರು ಎರಡಕ್ಕೂ 'ಬಿಟ್ಟಿ' ಎಂಬ ಒಂದೇ ಪದ ಅಂಟಿಸಿದರು. ಪದ ಯಾವುದಾದರೂ ಇರಲಿ, ಬಿಟ್ಟಿ ಎನ್ನುವವರ ವಾದ ನಿಲ್ಲುವುದಿಲ್ಲ.

ಆದರೆ ನನ್ನ ತಕರಾರು ಅವರೊಬ್ಬರ ಮೇಲಲ್ಲ. ಇದಕ್ಕೆ ಎದುರಾಗಿ ನಿಂತಿರುವ ಇನ್ನೊಂದು ಅಭಿಪ್ರಾಯವಿದೆ, ಅದು ಓದಿದವರ ಬಳಗದಲ್ಲಿ ಹೆಚ್ಚು ಗೌರವದಿಂದ ಓಡಾಡುತ್ತದೆ. 'ದ್ರಾವಿಡ ಮಾದರಿ ಗೆದ್ದಿದೆ, ಬಡ ಮಕ್ಕಳ ಕೈಗೆ ನೇರವಾಗಿ ಹಣ ಕೊಟ್ಟು ಓದಿಸಿದೆ, ಮಿಕ್ಕವರು ನೋಡಿ ಕಲಿಯಬೇಕು' ಎಂಬುದು. ಬಿಟ್ಟಿಯ ವಾದವನ್ನು ಸೋಲಿಸುವ ಆತುರದಲ್ಲಿ ನಾನೂ ಹಿಂದೆ ಇದನ್ನೇ ಹೇಳಿಕೊಂಡು ತಿರುಗಿದ್ದೇನೆ. ಆ ಕಂಬಿ ಕಟ್ಟುವ ಹುಡುಗನ ಧರ್ಮಪುರಿ ಜಿಲ್ಲೆಯನ್ನೂ ಪಕ್ಕದ ಸೇಲಂ ಜಿಲ್ಲೆಯನ್ನೂ ಮುಂದಿಟ್ಟುಕೊಂಡು ನೋಡಿದಾಗ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಈ ಮಾದರಿಯ ಹೆಮ್ಮೆಯ ಅಂಕಿಯನ್ನೇ ತೆಗೆದುಕೊಳ್ಳಿ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2021-22ರ ವರದಿಯಂತೆ ತಮಿಳುನಾಡಿನಲ್ಲಿ ಒಟ್ಟು ದಾಖಲಾತಿ ಪ್ರಮಾಣ ಶೇ. 47, ದೇಶದ್ದು ಶೇ. 28.4. ದೊಡ್ಡ ಸಾಧನೆಯೇ. ಆದರೆ ಅದೇ ಅಂಕಿಯನ್ನು ತಿರುಗಿಸಿ ಓದಿ: 18ರಿಂದ 23ರ ವಯಸ್ಸಿನ ನೂರು ಮಂದಿಗೆ ಸರಿಸುಮಾರು 53 ಮಂದಿಯಷ್ಟು ಕಾಲೇಜಿನ ಆಚೆಗಿದ್ದಾರೆ. ಇದು ಚೆನ್ನೈ, ಕೊಯಮತ್ತೂರುಗಳೆಲ್ಲ ಸೇರಿದ ಸರಾಸರಿ. 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಸಾಕ್ಷರತೆ ಶೇ. 80 ಇದ್ದಾಗ ಧರ್ಮಪುರಿಯದು ಶೇ. 68.5, ರಾಜ್ಯದಲ್ಲೇ ಕಡೆಯ ಸ್ಥಾನ. ಸೇಲಂ ಶೇ. 73ರ ಆಸುಪಾಸು. ಕಾಲೇಜಿಗೆ ಸೇರಿದವರಿಗೆ ಹಣ ಎಂಬ ಯೋಜನೆ ಇಂಥ ಜಿಲ್ಲೆಯಲ್ಲಿ ಯಾರನ್ನು ತಲುಪುತ್ತದೆ? ಬಾಗಿಲು ದಾಟಿ ಒಳಗೆ ಬಂದವರನ್ನು. ಹೊಸ್ತಿಲಲ್ಲೇ ಎಡವಿದವನಿಗೆ ಅದು ಪೇಪರಿನಲ್ಲಿ ಓದುವ ಸುದ್ದಿ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ತಾಳಿಯ ಚಿನ್ನದ ಕಥೆ. 1989ರಲ್ಲಿ ಕರುಣಾನಿಧಿ ಸರ್ಕಾರ ಮೂವಲೂರು ರಾಮಾಮೃತಂ ಅಮ್ಮೈಯಾರ್ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳಿಗೆ ಮದುವೆ ನೆರವು ಶುರುಮಾಡಿತು. ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದ ಹೆಂಗಸಿನ ಹೆಸರದು. ಮುಂದೆ ಅದಕ್ಕೆ ಚಿನ್ನ ಸೇರಿತು, ಜನ 'ತಾಲಿಕ್ಕು ತಂಗಂ' ಎಂದೇ ಕರೆದರು. 2016ರ ಹೊತ್ತಿಗೆ ಎಂಟು ಗ್ರಾಂ ಚಿನ್ನ, ಜೊತೆಗೆ 25,000 ರೂಪಾಯಿ. ಪದವಿಯೋ ಡಿಪ್ಲೊಮಾವೋ ಆಗಿದ್ದರೆ 50,000. ಮುಖ್ಯ ಷರತ್ತು ಎರಡು: ಹದಿನೆಂಟು ತುಂಬಿರಬೇಕು, ಹತ್ತನೇ ತರಗತಿವರೆಗೆ ಓದಿರಬೇಕು. ಪರಿಶಿಷ್ಟ ಪಂಗಡದವರಿಗೆ ಐದನೇ ತರಗತಿ ಸಾಕಿತ್ತು. 2022ರಲ್ಲಿ ಈ ಯೋಜನೆಯನ್ನೇ ಮಾರ್ಪಡಿಸಿ ಪುದುಮೈ ಪೆಣ್ ಮಾಡಿದರು. ಮದುವೆಗೆ ಕೊಡುವ ಬದಲು ಓದಿಗೆ ಕೊಡುತ್ತೇವೆ ಎಂದರು. ಪ್ರಗತಿಪರರು ಚಪ್ಪಾಳೆ ತಟ್ಟಿದರು. ತಟ್ಟಬೇಕಾದದ್ದೇ. ಸರ್ಕಾರ ತಾಳಿ ಮಾಡಿಸಿ ಕೊಡಬೇಕು ಎಂದು ನಾನು ವಾದಿಸುತ್ತಿಲ್ಲ.

ಆದರೆ ಆ ಚಪ್ಪಾಳೆಯ ಸದ್ದಿನಲ್ಲಿ ಒಬ್ಬಳು ಕಾಣೆಯಾದಳು. ಹತ್ತರವರೆಗೆ ಓದಿ ಬಿಟ್ಟವಳು. ಬೆಟ್ಟದ ಮೇಲೆ ಐದನ್ನಷ್ಟೇ ಮುಗಿಸಿದವಳು. ಹಳೆಯ ಯೋಜನೆಯಲ್ಲಿ, ಕಾರಣ ಏನೇ ಇರಲಿ, ಅವಳ ಹೆಸರಿಗೊಂದು ಮೊತ್ತವಿತ್ತು. 'ಹದಿನೆಂಟರವರೆಗೆ ತಡೆದರೆ ಸರ್ಕಾರದ ದುಡ್ಡು ಬರುತ್ತದೆ' ಎಂದು ಅವಳ ತಾಯಿ ಅತ್ತೆಮನೆಯವರ ಮುಂದೆ ಹೇಳುವುದಕ್ಕೆ ಒಂದು ಮಾತಿತ್ತು. ಹೊಸದರಲ್ಲಿ ಅವಳ ಕಾಲಂ ಇಲ್ಲ. ಬಾಲ್ಯವಿವಾಹದ ವಿಚಾರಕ್ಕೆ ಮತ್ತೆ ಮತ್ತೆ ಸುದ್ದಿಗೆ ಬರುವ ಜಿಲ್ಲೆಗಳಿವು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ. 12.8 ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. ಹೀಗೆ ಮದುವೆಯಾದವರಲ್ಲಿ ಹೆಚ್ಚಿನವರು ಶಾಲೆ ಬಿಟ್ಟವರೇ ಹೊರತು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಇರುವವರಲ್ಲ. ಯಾರಿಗೆ ಅಪಾಯ ಹೆಚ್ಚೋ ಅವರಿಂದ ಹಣ ತೆಗೆದು, ಅಪಾಯದಿಂದ ಸ್ವಲ್ಪ ದೂರ ಬಂದವರಿಗೆ ಕೊಟ್ಟಂತಾಯಿತು. ಇದನ್ನು ಸುಧಾರಣೆ ಎನ್ನುವುದಾದರೆ ಅರ್ಧ ಸುಧಾರಣೆ ಎನ್ನಬೇಕು.

ಇದೇ ಸೇಲಂನಲ್ಲಿ 1992ರಲ್ಲಿ ಸರ್ಕಾರ ತೊಟ್ಟಿಲು ಇಟ್ಟಿತ್ತು. ಹೆಣ್ಣುಕೂಸನ್ನು ಕೊಲ್ಲಬೇಡಿ, ಬೇಡವಾದರೆ ಇಲ್ಲಿ ಬಿಟ್ಟುಹೋಗಿ, ನಾವು ಸಾಕುತ್ತೇವೆ ಎಂಬ ಯೋಜನೆ. 2001ರಲ್ಲಿ ಅದನ್ನು ಧರ್ಮಪುರಿಗೂ ಮಧುರೈ, ತೇನಿ, ದಿಂಡಿಗಲ್‌ಗಳಿಗೂ ವಿಸ್ತರಿಸಿದರು. ಧರ್ಮಪುರಿಯ ತೊಟ್ಟಿಲ ಕೂಸುಗಳ ವಯಸ್ಸಿನ ಹೆಣ್ಣುಮಕ್ಕಳೇ ಈಗ ಇಪ್ಪತ್ತು ದಾಟಿದ ತರುಣಿಯರು. ಹುಟ್ಟಿದ ದಿನ ಹುಡುಕಿಕೊಂಡು ಬಂದ ಸರ್ಕಾರಕ್ಕೆ ಹದಿನಾರನೇ ವಯಸ್ಸಿನಲ್ಲಿ ಮಾತ್ರ ಅವಳ ವಿಳಾಸ ಸಿಗುವುದಿಲ್ಲ!

ವಿಳಾಸದ ಮಾತು ಬಂತು. ಧರ್ಮಪುರಿಯ ಕೋಟೂರು ಬೆಟ್ಟಕ್ಕೆ 2019, 2021ರ ಚುನಾವಣೆಗಳಲ್ಲಿ ಮತಯಂತ್ರ ಹತ್ತಿದ್ದು ಕತ್ತೆಯ ಬೆನ್ನ ಮೇಲೆ. ಪತ್ರಿಕೆಗಳು ಚಿತ್ರ ಹಾಕಿ ಪ್ರಜಾಪ್ರಭುತ್ವವನ್ನು ಕೊಂಡಾಡಿದವು. ಮತಯಂತ್ರ ಒಂದು ದಿನ ಹತ್ತಿ ಒಂದು ದಿನ ಇಳಿದರೆ ಆಯಿತು. ಒಂಬತ್ತನೇ ತರಗತಿಯ ಹುಡುಗಿ ದಿನಾ ಇಳಿದು ದಿನಾ ಹತ್ತಬೇಕು. ಹರೂರು ಕಡೆಯ ಸಿತ್ತೇರಿ ಬೆಟ್ಟಗಳಲ್ಲೂ ಸೇಲಂ ಬದಿಯ ಏರ್ಕಾಡಿನ ಶೇರ್ವರಾಯನ್ ಬೆಟ್ಟಗಳಲ್ಲೂ ಇರುವವರು 'ಮಲೆಯಾಳಿ' ಬುಡಕಟ್ಟಿನವರು (ಕೇರಳದವರಲ್ಲ, ಮಲೆಯ ಜನ ಎಂಬ ಅರ್ಥದಲ್ಲಿ). ಅಲ್ಲಿನ ಮಕ್ಕಳಿಗೆ ಬಸ್ ಪಾಸು ಇದೆ, ಸೈಕಲ್ಲಿದೆ. ಬಸ್ಸು ಬರದ ಕಡೆ ಪಾಸು, ಸೈಕಲ್ಲು ತುಳಿಯಲಾಗದ ಏರಿನಲ್ಲಿ ಸೈಕಲ್ಲು. ಚೆನ್ನೈನಲ್ಲಿ ಕೂತು ಎಲ್ಲರಿಗೂ ಒಂದೇ ಸಮ ಹಂಚುವುದರಲ್ಲಿ ಒಂದು ನ್ಯಾಯವಿದೆ, ಒಪ್ಪುತ್ತೇನೆ. ಬೆಟ್ಟ ಮಾತ್ರ ಆ ಸಮತೆಗೆ ಒಗ್ಗುವುದಿಲ್ಲ.

ಇನ್ನೊಂದು ಬಾಗಿಲು ಜಾತಿ ಪ್ರಮಾಣಪತ್ರ. ಧರ್ಮಪುರಿ, ಕೃಷ್ಣಗಿರಿ ಕಡೆಯ ಕುರುಮನ್ಸ್ ಸಮುದಾಯದವರು ಮನೆಯಲ್ಲಿ ಕನ್ನಡ ಆಡುವವರು, ಪಟ್ಟಿಯಲ್ಲಿ ಪರಿಶಿಷ್ಟ ಪಂಗಡದವರು. ಆದರೆ 'ನೀವು ಕುರುಮನ್ಸೋ, ಕುರುಂಬರೋ' ಎಂಬ ಪ್ರಶ್ನೆ ತಾಲ್ಲೂಕು ಕಚೇರಿಯಿಂದ ಪರಿಶೀಲನಾ ಸಮಿತಿಗೆ, ಅಲ್ಲಿಂದ ಕೋರ್ಟಿಗೆ ಅಲೆಯುತ್ತಲೇ ಇದೆ. ಒಂದು ಅಕ್ಷರದ ಸುತ್ತ ಇಡೀ ವಿದ್ಯಾರ್ಥಿವೇತನ ಗಿರಕಿ ಹೊಡೆಯುತ್ತದೆ. ವಿದ್ಯಾರ್ಥಿಯ ವಯಸ್ಸು ಮಾತ್ರ ಕಡತಕ್ಕೆ ಕಾಯುವುದಿಲ್ಲ. ಇಲ್ಲಿನ ಕನ್ನಡದ ಕುರಿತು ನಮ್ಮವರು ಬರೆಯುವಾಗ ಹೊಸೂರು, ತಳಿ ಕಡೆಯ ಕನ್ನಡ ಶಾಲೆಗಳ ಬಗ್ಗೆ, 2006ರ ತಮಿಳು ಕಲಿಕಾ ಕಾಯ್ದೆಯ ಬಗ್ಗೆ ಬರೆಯುತ್ತಾರೆ. ಬೇಕಾದ್ದೇ. ಆದರೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕೈಯಲ್ಲಿ ಪ್ರಮಾಣಪತ್ರವಿಲ್ಲ ಎಂಬ ಹುಡುಗನ ಬಗ್ಗೆ ನಮ್ಮ ಗಡಿನಾಡ ಭಾಷಣಗಳಲ್ಲಿ ಒಂದು ವಾಕ್ಯವನ್ನೂ ನಾನು ಕೇಳಿಲ್ಲ.

ಇನ್ನು ಹಾಸ್ಟೆಲು. ದಲಿತ, ಹಿಂದುಳಿದ, ಬುಡಕಟ್ಟು ಮಕ್ಕಳ ಸರ್ಕಾರಿ ಹಾಸ್ಟೆಲುಗಳಿಗೆ 2025ರ ಜುಲೈನಲ್ಲಿ 'ಸಾಮಾಜಿಕ ನ್ಯಾಯ ಹಾಸ್ಟೆಲ್' ಎಂದು ಹೆಸರು ಬದಲಿಸಿದರು. ಬೋರ್ಡಿನಿಂದ ಜಾತಿಯ ಹೆಸರು ಹೋದದ್ದು ಒಳ್ಳೆಯದೇ ಆಯಿತು. ಊಟದ ಹಣ? 2023ರಲ್ಲಿ ಏರಿಸಿದ ಮೇಲೆ ಶಾಲಾ ವಿದ್ಯಾರ್ಥಿಗೆ ತಿಂಗಳಿಗೆ 1,400 ರೂಪಾಯಿ, ಕಾಲೇಜಿನವರಿಗೆ 1,500. ಅದಕ್ಕೆ ಮುಂಚೆ 1,000 ಮತ್ತು 1,100 ಇತ್ತು. ದಿನಕ್ಕೆ ಭಾಗಿಸಿ: 46 ರೂಪಾಯಿ ಚಿಲ್ಲರೆ, ಅದರಲ್ಲಿ ಮೂರು ಹೊತ್ತು. ಸೇಲಂ ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಂದು ಊಟಕ್ಕೆ ಅದಕ್ಕಿಂತ ಹೆಚ್ಚು ಕೇಳುತ್ತಾರೆ. ಯುವಜನರಿಗೆ ಸರ್ಕಾರದ ಬೆಂಬಲ ಎಂದರೆ ನನ್ನ ಮಟ್ಟಿಗೆ ಮೊದಲು ಈ ಹಾಸ್ಟೆಲು. ಹದಿನೈದರ ಹುಡುಗ ಊರಿನ ಜಾತಿಯ ಕಣ್ಣು, ಅಪ್ಪನ ಕುಡಿತ, ಮಗ್ಗದ ಗದ್ದಲ ಎಲ್ಲದರಿಂದ ದೂರ ಬಂದು ಪುಸ್ತಕ ತೆರೆಯಬಹುದಾದ ಜಾಗ ಅದೊಂದೇ. ಧರ್ಮಪುರಿಯಲ್ಲಿ ಆ ದೂರ ಎಷ್ಟು ಬೇಕಾಗುತ್ತದೆ ಎಂಬುದನ್ನು 2012ರ ನವೆಂಬರಿನಲ್ಲಿ ದಲಿತರ ನತ್ತಂ ಕಾಲನಿಯ ಮನೆಗಳು ಉರಿದಾಗ ಇಡೀ ದೇಶ ನೋಡಿದೆ. ಒಂದು ಅಂತರ್ಜಾತಿ ಮದುವೆ ಅದಕ್ಕೆ ನೆಪವಾಗಿತ್ತು. ಖಾತೆಗೆ ಬೀಳುವ ಸಾವಿರ ರೂಪಾಯಿಗೆ ಜಾಹೀರಾತು ಸಿಗುತ್ತದೆ, ಫಲಾನುಭವಿಯ ಫೋಟೋ ಸಿಗುತ್ತದೆ. ಹಾಸ್ಟೆಲಿನ ಬೇಳೆಸಾರು ಗಟ್ಟಿಯಾದರೆ ಯಾರ ಫೋಟೋ ಹಾಕುವುದು?

ದೆಹಲಿಯ ಪಾಲನ್ನೂ ಇಲ್ಲಿ ಹೇಳಲೇಬೇಕು. 2025-26ರಲ್ಲಿ ಕೇಂದ್ರದ ಯುವಜನ ಮತ್ತು ಕ್ರೀಡಾ ಸಚಿವಾಲಯಕ್ಕೆ ಕೊಟ್ಟದ್ದು 3,794 ಕೋಟಿ. ದೇಶದಲ್ಲಿ 15ರಿಂದ 29 ವಯಸ್ಸಿನವರು ಸುಮಾರು 37 ಕೋಟಿ. ತಲೆಗೆ ವರ್ಷಕ್ಕೆ ನೂರು ರೂಪಾಯಿ ಚಿಲ್ಲರೆ, ಅದರಲ್ಲೂ ಖೇಲೋ ಇಂಡಿಯಾ ಒಂದಕ್ಕೇ ಸಾವಿರ ಕೋಟಿ. ಬೇರೆ ಸಚಿವಾಲಯಗಳಲ್ಲಿ ಕೌಶಲದ ಹಣ, ವಿದ್ಯಾರ್ಥಿವೇತನದ ಹಣ ಇದೆ, ನಿಜ. ಆದರೆ ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಶೇ. 60ರ ಪಾಲು ರಾಜ್ಯ ತನ್ನ 40 ಹಾಕಿದ ಮೇಲೆ ಹುಡುಗನ ಖಾತೆಗೆ ಬರುತ್ತದೆ; ಕಾಲೇಜು ಶುಲ್ಕ ಕೇಳುವುದು ಅದಕ್ಕೂ ಮುಂಚೆ. ಪ್ರಧಾನಮಂತ್ರಿ ಇಂಟರ್ನ್‌ಶಿಪ್‌ಗೆ ಶುರುವಿನಲ್ಲಿ ಇಟ್ಟ ವಯಸ್ಸು 21ರಿಂದ 24. ಹದಿನಾರಕ್ಕೆ ಶಾಲೆ ಬಿಟ್ಟವನು ಐದು ವರ್ಷ ಎಲ್ಲಿ ಕಾಯಬೇಕಿತ್ತು? ತ್ರಿಭಾಷಾ ಸೂತ್ರ, ಪಿಎಂ ಶ್ರೀ ಶಾಲೆ ಎಂದು ಜಗಳ ತೆಗೆದು 2024-25ರ ಸಮಗ್ರ ಶಿಕ್ಷಾದ 2,152 ಕೋಟಿಯನ್ನು ಕೇಂದ್ರ ತಡೆಹಿಡಿಯಿತು. ತಮಿಳುನಾಡು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಹಣದಿಂದ ನಡೆಯುವವುಗಳಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳ ಕಸ್ತೂರ್ಬಾ ವಸತಿ ಶಾಲೆಗಳೂ ಸೇರಿವೆ, ಧರ್ಮಪುರಿಯಂಥ ಹಿಂದುಳಿದ ಬ್ಲಾಕುಗಳಿಗೆಂದೇ ಮಾಡಿದ ಶಾಲೆಗಳು. ಹಿಂದಿ ಬೇಕೋ ಬೇಡವೋ ಎಂಬ ತತ್ವಯುದ್ಧದಲ್ಲಿ ಎರಡು ರಾಜಧಾನಿಗಳಿಗೂ ಒಂದಿಷ್ಟು ಓಟು ಸಿಗಬಹುದು.

ಇಂಥ ಗಲಾಟೆಯೇನೂ ಇಲ್ಲದೆ ಸದ್ದಡಗಿದ ಇನ್ನೊಂದು ಯೋಜನೆಯಿದೆ. ಬಾಲಕಾರ್ಮಿಕರಿಗೆಂದು 1988ರಲ್ಲಿ ಶುರುವಾದ ರಾಷ್ಟ್ರೀಯ ಯೋಜನೆಯ ವಿಶೇಷ ತರಬೇತಿ ಶಾಲೆಗಳು ಈ ಜಿಲ್ಲೆಗಳಲ್ಲೂ ಇದ್ದವು. 2021ರಲ್ಲಿ ಆ ಯೋಜನೆಯನ್ನು ಸಮಗ್ರ ಶಿಕ್ಷಾದೊಳಗೆ ವಿಲೀನ ಮಾಡಿದರು. ಮಗ್ಗದಿಂದ, ಸೇಲಂನ ಬೆಳ್ಳಿ ಕಾಲ್ಗೆಜ್ಜೆಯ ಮನೆಗೆಲಸದಿಂದ ಮಕ್ಕಳನ್ನು ಎಬ್ಬಿಸಿ ತರುವುದಕ್ಕೆಂದೇ ಇದ್ದ ಪ್ರತ್ಯೇಕ ವ್ಯವಸ್ಥೆ ಹೀಗೆ ಇನ್ನೊಂದು ದೊಡ್ಡ ಹೆಸರಿನೊಳಗೆ ಕರಗಿತು. ನಮ್ಮ ಪಾಯಸದ ಸಬ್ಬಕ್ಕಿ ಬರುವುದು ಸೇಲಂನಿಂದ, ಹಬ್ಬದ ಗೆಜ್ಜೆ ಬರುವುದೂ ಸೇಲಂನಿಂದ. ಅದನ್ನು ಮಾಡುವ ಕೈಗಳ ವಯಸ್ಸು ಕೇಳುವ ಪದ್ಧತಿ ಮಾತ್ರ ನಮ್ಮಲ್ಲಿಲ್ಲ.

ಹಾಗಾದರೆ ಶಾಲೆ ಬಿಟ್ಟವರಿಗೂ ಸಾವಿರ ಕೊಡಬೇಕೆ? ಕೊಟ್ಟರೆ ಶಾಲೆ ಬಿಡುವುದಕ್ಕೇ ಬಹುಮಾನ ಕೊಟ್ಟಂತಾಗುವುದಿಲ್ಲವೆ? ನ್ಯಾಯವಾದ ಪ್ರಶ್ನೆ. ನನ್ನ ಉತ್ತರ: ಹಣವಲ್ಲ, ಆಳು ಬೇಕು. ಶಾಲೆ ಬಿಟ್ಟ ವಾರದೊಳಗೆ ಮನೆಬಾಗಿಲಿಗೆ ಬರುವ, ಹೆಸರು ಹಿಡಿದು ಕರೆಯುವ, ಆರು ತಿಂಗಳಾದ ಮೇಲೂ ಮತ್ತೆ ಬರುವ ಸಂಬಳದ ಆಳು. ಇದು ಕನಸಿನ ಮಾತಲ್ಲ, ತಮಿಳುನಾಡೇ ಇದರ ರುಚಿ ತೋರಿಸಿದೆ. 2022ರ ಮಾರ್ಚ್ 1ರಂದು ಶುರುವಾದ 'ನಾನ್ ಮುದಲ್ವನ್' ಯೋಜನೆಯೊಳಗೆ 'ಉಯರ್ವುಕ್ಕುಪ್ ಪಡಿ' ಎಂಬ ಶಿಬಿರಗಳಿವೆ. ಹನ್ನೆರಡನೇ ತರಗತಿ ಮುಗಿಸಿ ಎಲ್ಲೂ ಸೇರದವರ, ಫೇಲಾದವರ ಪಟ್ಟಿ ತೆಗೆದು ಫೋನು ಮಾಡಿ ಕರೆಸುತ್ತಾರೆ. ಒಂದೇ ಸೂರಿನಡಿ ಕಾಲೇಜಿನವರು, ಐಟಿಐಯವರು, ಬ್ಯಾಂಕಿನವರು, ಪ್ರಮಾಣಪತ್ರ ಕೊಡುವ ಕಂದಾಯದವರು ಕೂತಿರುತ್ತಾರೆ, ಅಲ್ಲೇ ಸೀಟು. ಸರ್ಕಾರ ಬಾಗಿಲು ತೆರೆದು ಕಾಯದೆ ಎದ್ದು ಹುಡುಕಿಕೊಂಡು ಹೊರಟ ಅಪರೂಪದ ಕೆಲಸ ಇದು. ಇದಕ್ಕೆ ಸಿಕ್ಕ ಪ್ರಚಾರ ಸಾವಿರ ರೂಪಾಯಿಗೆ ಸಿಕ್ಕದ್ದರ ಪಕ್ಕದಲ್ಲಿ ಏನೂ ಅಲ್ಲ. ಆದರೆ ಇದೂ ವರ್ಷದ ಕೆಲವು ದಿನಗಳ ಜಾತ್ರೆ, ಮುಖ್ಯವಾಗಿ ಹನ್ನೆರಡರ ತನಕ ಬಂದವರ ಜಾತ್ರೆ. ಹತ್ತರ ಕೆಳಗೆ ಜಾರಿದವನಿಗೆ ಇಂಥದ್ದೊಂದು ಕಾಯಂ ಕಚೇರಿ ಹರೂರಿನಲ್ಲಿ, ಪೆನ್ನಾಗರಂನಲ್ಲಿ, ವಾಳಪ್ಪಾಡಿಯಲ್ಲಿ ಇರಬೇಕು.

ಕೊರೋನಾ ನಂತರ 'ಇಲ್ಲಂ ತೇಡಿ ಕಲ್ವಿ'ಯಲ್ಲಿ ಮನೆಮನೆಯ ಪಾಠಕ್ಕೆ ಹಳ್ಳಿಯ ತರುಣಿಯರನ್ನು ಸ್ವಯಂಸೇವಕಿಯರೆಂದು ತೆಗೆದುಕೊಂಡರು. ಅವರಿಗೆ ಕೊಟ್ಟದ್ದೂ ತಿಂಗಳಿಗೆ ಸಾವಿರ. ಕಲಿಯುವವಳಿಗೂ ಸಾವಿರ, ಕಲಿಸುವವಳಿಗೂ ಸಾವಿರ! ಓದಿ ಕೆಲಸವಿಲ್ಲದ ಆ ಹುಡುಗಿಯರಿಗೇ ಸರಿಯಾದ ಸಂಬಳ ಕೊಟ್ಟು ಈ ಹುಡುಕುವ ಕೆಲಸಕ್ಕೆ ಹಾಕಿದರೆ ಎರಡು ಕಡೆಯ ಯುವಜನ ಸೇವೆಯೂ ಒಟ್ಟಿಗೇ ಆಗುತ್ತದೆ. ಸಂಬಳ ಎಂದ ಕೂಡಲೇ ಹಣಕಾಸು ಇಲಾಖೆಯ ಮುಖ ಸೊಟ್ಟಗಾಗುತ್ತದೆ ಎಂಬುದು ಗೊತ್ತು. ಖಾತೆಗೆ ಹಣ ಹಾಕುವ ಯೋಜನೆಯನ್ನು ಮುಂದಿನ ಸರ್ಕಾರ ಹೆಸರು ಬದಲಿಸಿ ತನ್ನದೆನ್ನಬಹುದು. ನೇಮಕವಾದ ನೌಕರ ಪಿಂಚಣಿ ಕೇಳುತ್ತಾನೆ.

ತಮಿಳುನಾಡಿನ ಕಡೆ ಬೆರಳು ತೋರಿಸುವ ನಾವೇನು ಮಾಡಿದೆವು? 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಶುರುವಾಯಿತು. ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಬಿಟ್ಟಿ ಎಂದು ಒಂದು ಕಡೆಯವರು ಬೈದರು, ಕ್ರಾಂತಿ ಎಂದು ಇನ್ನೊಂದು ಕಡೆಯವರು ಹೊಗಳಿದರು. ಪದವಿಯೂ ಡಿಪ್ಲೊಮಾವೂ ಇಲ್ಲದ ನಿರುದ್ಯೋಗಿಯನ್ನು ಎರಡೂ ಕಡೆಯವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಮಿಳುನಾಡಿನ ಹಳೆಯ ನಿರುದ್ಯೋಗ ಭತ್ಯೆಯಲ್ಲಾದರೂ ಹತ್ತನೇ ತರಗತಿ ಫೇಲಾದವನಿಗೆ ತಿಂಗಳಿಗೆ 200 ರೂಪಾಯಿಯ ಒಂದು ಸಾಲು ಇದೆ. ಮೊತ್ತ ನಗೆಪಾಟಲಿನದು. ಆದರೂ ಅವನೊಬ್ಬ ಇದ್ದಾನೆಂದು ಒಪ್ಪಿಕೊಂಡ ಸಾಲು ಅದು.

ಆ ರಾಜ್ಯದಲ್ಲಿ ಪ್ರತಿ ಶಾಲಾ ಮಗುವಿಗೂ ಒಂದು ನಂಬರ್ ಇದೆ, 'ಎಮಿಸ್' ನಂಬರ್ ಎನ್ನುತ್ತಾರೆ. ಮಗು ಶಾಲೆ ಬಿಟ್ಟರೆ ಮೇಷ್ಟರು ಕಂಪ್ಯೂಟರಿನಲ್ಲಿ ಆ ನಂಬರನ್ನು 'ಕಾಮನ್ ಪೂಲ್'ಗೆ ತಳ್ಳುತ್ತಾರೆ. ಇನ್ನೊಂದು ಶಾಲೆ ಎತ್ತಿಕೊಳ್ಳುವವರೆಗೆ ಅದು ಅಲ್ಲೇ ಇರುತ್ತದೆ. ಯಾರೂ ಎತ್ತಿಕೊಳ್ಳದಿದ್ದರೆ ಅಲ್ಲೇ. ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು, ಜಾತಿ, ಫೋನ್ ನಂಬರ್ ಎಲ್ಲವೂ ಅದರಲ್ಲಿದೆ. ಮಾರಂಡಹಳ್ಳಿಯಿಂದ ಬಂದು ನಮ್ಮ ಬೀದಿಯ ಮೂರನೇ ಮಹಡಿಯ ಮೇಲೆ ಕಂಬಿ ಕಟ್ಟುತ್ತಿರುವ ಹುಡುಗ ಬಹುಶಃ ಆ ಪೂಲಿನಲ್ಲೇ ಇದ್ದಾನೆ. ಅವನ ಜೇಬಿನಲ್ಲಿ ಫೋನ್ ಇದೆ, ದಿನಕ್ಕೆ ಹತ್ತು ಸಲ ರಿಂಗಾಗುತ್ತದೆ. ಪ್ರತಿ ಸಲವೂ ಮೇಸ್ತ್ರಿಯದೇ ಕರೆ.